ಕಡಲಹೂವಿನ ಕೋಡಂಗಿ

ಬೆರಳುದ್ದದ ಮೀನು. ಮೈಯೆಲ್ಲ ಕಿತ್ತಳೆ ಬಣ್ಣ. ಅದರ ಮೇಲೆ ಅಡ್ಡಲಾಗಿ ಮೂರು ಬಿಳಿ ಪಟ್ಟೆ. ಪಟ್ಟೆಗಳ ಅಂಚಿಗೆ ಕಾಡಿಗೆ ತೀಡಿದಂತೆ ಕಪ್ಪು ಗೆರೆ. ನೆಟ್ಟಗೆ ಈಜುವುದೇ ಗೊತ್ತಿಲ್ಲವೇನೋ ಎಂಬಂತೆ ಸೊಂಟ ಬಳುಕಿಸುತ್ತ ಅತ್ತಿತ್ತ ತೊನೆದಾಡುತ್ತದೆ. ಇಂಗ್ಲಿಷರು ಇದನ್ನು ಕ್ಲೌನ್ ಮೀನು ಎಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಯಕ್ಷಗಾನದ ಕೋಡಂಗಿಯನ್ನು ಕಂಡವರು ಕನ್ನಡದಲ್ಲಿ ಕೋಡಂಗಿ ಮೀನು ಎಂದರೂ ತಪ್ಪಾಗಲಾರದು. 2003ರಲ್ಲಿ ‘ಫೈಂಡಿಂಗ್ ನೀಮೊ’ ಎಂಬ ಕಾರ್ಟೂನ್ ಚಿತ್ರ ತೆರೆಕಂಡ ಮೇಲಂತೂ ಸಮುದ್ರವನ್ನೇ ನೋಡದ ಮಕ್ಕಳೂ ಇದನ್ನು ಗುರುತಿಸುತ್ತಾರೆ.

ಇಷ್ಟು ಪರಿಚಿತವಾದ ಮೀನಿನ ಸಂಸಾರದ ಗುಟ್ಟು ವಿಜ್ಞಾನಕ್ಕೆ ತಿಳಿದದ್ದು ಮಾತ್ರ ತೀರ ತಡವಾಗಿ. ಅದಕ್ಕೆ ಹೆಸರಿಟ್ಟದ್ದು ಹದಿನೆಂಟನೇ ಶತಮಾನದಲ್ಲಿ. ಅದು ಎಲ್ಲಿ ಮನೆ ಮಾಡಿಕೊಂಡಿದೆ ಎಂದು ಬರೆದಿಟ್ಟದ್ದು ಹತ್ತೊಂಬತ್ತನೆಯದರಲ್ಲಿ. ಆ ಮನೆಯಲ್ಲಿ ಗಂಡ ಯಾರು, ಹೆಂಡತಿ ಯಾರು ಎಂಬ ಲೆಕ್ಕ ಬಿಡಿಸಿದ್ದು ಇಪ್ಪತ್ತನೇ ಶತಮಾನದ ಮುಕ್ಕಾಲು ಭಾಗ ಕಳೆದ ಮೇಲೆ. ಈ ವಿಳಂಬಕ್ಕೆ ಕಾರಣ ಸರಳವಾದದ್ದು. ಮೊದಲ ನೂರು ವರ್ಷ ಇದನ್ನು ಅಧ್ಯಯನ ಮಾಡಿದವರ ಮುಂದೆ ಇದ್ದದ್ದು ಸತ್ತ ಮೀನು.

ಮತ್ಸ್ಯಕನ್ಯೆಯ ಸಾಲಿನಲ್ಲಿ

ಲವಂಗದ ವ್ಯಾಪಾರಕ್ಕಾಗಿ ಡಚ್ ಈಸ್ಟ್ ಇಂಡಿಯಾ ಕಂಪನಿ ಈಗಿನ ಇಂಡೊನೇಷ್ಯಾದ ಅಂಬೋನ್ ದ್ವೀಪದಲ್ಲಿ ಬೀಡುಬಿಟ್ಟಿದ್ದ ಕಾಲವದು. ಕಂಪನಿಯ ಸೇವೆಯಲ್ಲಿದ್ದ ಸ್ಯಾಮ್ಯುಯೆಲ್ ಫಾಲೂರ್ ಎಂಬಾತ ಅಲ್ಲಿನ ಹವಳದ ದಿಬ್ಬಗಳ ಮೀನುಗಳನ್ನು ಬಣ್ಣಗಳಲ್ಲಿ ಚಿತ್ರಿಸಿ ಯುರೋಪಿಗೆ ಕಳಿಸುತ್ತಿದ್ದ. ಇಂಥ ಚಿತ್ರಗಳನ್ನು ಆಧರಿಸಿ ಆಮ್‌ಸ್ಟರ್‌ಡಾಮಿನ ಪ್ರಕಾಶಕ ಲೂಯಿ ರೆನಾರ್ 1719ರಲ್ಲಿ ಒಂದು ಪುಸ್ತಕ ಹೊರತಂದ. ಮೀನುಗಳ ಬಣ್ಣ ಅಚ್ಚಾದದ್ದು ಇದರಲ್ಲಿ. ಪ್ರತಿಯೊಂದು ಚಿತ್ರಕ್ಕೂ ಕೈಯಿಂದಲೇ ಬಣ್ಣ ತುಂಬಲಾಗಿತ್ತು. ಆದರೆ ಪುಸ್ತಕದ ಕೊನೆಯಲ್ಲಿ ಒಬ್ಬ ಮತ್ಸ್ಯಕನ್ಯೆಯೂ ಇದ್ದಳು! ಆಕೆಯನ್ನು ನಾಲ್ಕು ದಿನ ತೊಟ್ಟಿಯಲ್ಲಿ ಇರಿಸಿಕೊಂಡಿದ್ದಾಗಿ ಫಾಲೂರ್ ಹೇಳಿಕೊಂಡಿದ್ದ. ಹೀಗಾಗಿ ಉಳಿದ ಮೀನುಗಳ ಮೇಲೂ ಯುರೋಪಿನ ಪಂಡಿತರಿಗೆ ಅನುಮಾನ ಹುಟ್ಟಿತು. ಇಂಥ ಬಣ್ಣದ ಜೀವಿ ನೀರಿನಲ್ಲಿ ಇರಲು ಸಾಧ್ಯವೇ?

ಅನುಮಾನ ಪಟ್ಟವರನ್ನು ಪೂರ್ತಿ ದೂರುವಂತಿಲ್ಲ. ಅವರ ಕೈಗೆ ಬರುತ್ತಿದ್ದದ್ದು ಮದ್ಯಸಾರದ ಸೀಸೆಯಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ತೇಲಿ ಬಂದ ಮೀನು. ಕಿತ್ತಳೆ ಬಣ್ಣ ಮದ್ಯಸಾರದಲ್ಲಿ ಬೇಗನೆ ಬಿಳಚಿಕೊಳ್ಳುತ್ತದೆ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಈ ಬಳಗದ ಒಂದು ಜಾತಿಗೆ ಹೆಸರಿಟ್ಟಾಗ ಅದನ್ನು ಯುರೋಪಿನ ಸಿಹಿನೀರಿನ ಮೀನೊಂದರ ಕುಲಕ್ಕೆ ಸೇರಿಸಿಬಿಟ್ಟ. 1801ರಲ್ಲಿ ಜರ್ಮನಿಯ ಬ್ಲಾಕ್ ಮತ್ತು ಷ್ನೈಡರ್ ಅವರ ಗ್ರಂಥ ಇವುಗಳಿಗೆ ಆಂಫಿಪ್ರಿಯಾನ್ ಎಂಬ ಪ್ರತ್ಯೇಕ ಕುಲನಾಮ ಕೊಟ್ಟಿತು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಎರಡೂ ಕಡೆ ಗರಗಸ’. ಕಿವಿರಿನ ಮುಚ್ಚಳದ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿವೆಯಲ್ಲ, ಅದನ್ನು ನೋಡಿ ಇಟ್ಟ ಹೆಸರು. ಫ್ರಾನ್ಸಿನ ಲಾಸೆಪೆಡ್ 1802ರಲ್ಲಿ, ಕುವಿಯೆ 1830ರಲ್ಲಿ ಇನ್ನಷ್ಟು ಜಾತಿಗಳನ್ನು ಸೇರಿಸಿದರು. ಅದೇ 1830ರಲ್ಲಿ ಸಿಂಹಳದ ಮೀನುಗಳ ಕುರಿತ ತನ್ನ ಪುಸ್ತಕದಲ್ಲಿ ಬೆನೆಟ್ ಎಂಬ ಆಂಗ್ಲ ಅಧಿಕಾರಿ ಮತ್ತೊಂದನ್ನು ವರ್ಣಿಸಿದ. ಇವರೆಲ್ಲ ರೆಕ್ಕೆಯ ಮುಳ್ಳುಗಳನ್ನು ಎಣಿಸಿದರು, ಹಲ್ಲು ನೋಡಿದರು, ಉದ್ದ ಅಳೆದರು. ಈ ಮೀನು ಎಲ್ಲಿ ಮಲಗುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ದಿಬ್ಬಗಳ ನಡುವೆ ಬಲೆ ಬೀಸುತ್ತಿದ್ದ ದ್ವೀಪವಾಸಿಗಳಿಗೆ ಈ ವಿಷಯ ಗೊತ್ತಿಲ್ಲದೆ ಇರಲಾರದು. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದದ ನೀರಿನಲ್ಲೇ ಕಾಣಸಿಗುವ ನೋಟ ಅದು. ಆದರೆ ಅವರನ್ನು ಕೇಳಿದವರಾಗಲಿ, ಕೇಳಿ ಬರೆದುಕೊಂಡವರಾಗಲಿ ಹೆಚ್ಚಿರಲಿಲ್ಲ.

ವಿಷದ ಹಾಸಿಗೆ

ಬ್ರಿಟಿಷ್ ವೈದ್ಯ ಹಾಗೂ ನಿಸರ್ಗಶಾಸ್ತ್ರಜ್ಞ ಕತ್ಬರ್ಟ್ ಕಾಲಿಂಗ್‌ವುಡ್ 1866–67ರಲ್ಲಿ ನೌಕಾದಳದ ‘ರೈಫಲ್‌ಮನ್’ ಮತ್ತು ‘ಸರ್ಪೆಂಟ್’ ಹಡಗುಗಳಲ್ಲಿ ಚೀನಾ ಸಮುದ್ರ ಸುತ್ತಿದರು. ಅಲ್ಲಿನ ಹವಳದ ದಿಬ್ಬಗಳ ನಡುವೆ ಅವರಿಗೆ ಭಾರಿ ಗಾತ್ರದ ಸೀ ಅನಿಮೋನಿಗಳು ಕಂಡವು. ಹೂವಿನಂತೆ ಅರಳಿ ನಿಂತಿರುವುದರಿಂದ ಇದನ್ನು ಕಡಲಹೂವು ಎನ್ನಬಹುದು. ನಿಜದಲ್ಲಿ ಇದು ಹವಳದ ಹತ್ತಿರದ ಸಂಬಂಧಿಯಾದ ಪ್ರಾಣಿ. ಇದರ ಎಸಳಿನಂಥ ಬಾಹುಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕುಟುಕು ಕೋಶಗಳಿವೆ. ಒಂದೊಂದರಲ್ಲೂ ಸುರುಳಿ ಸುತ್ತಿದ ವಿಷದ ದಾರ. ತಾಗಿದ್ದೇ ತಡ, ದಾರ ಬಾಣದಂತೆ ಚಿಮ್ಮುತ್ತದೆ. ಸಣ್ಣ ಮೀನು ಸಿಕ್ಕಿದರೆ ಮರಗಟ್ಟಿ, ನಡುವಿನ ಬಾಯಿಗೆ ತುತ್ತಾಗುತ್ತದೆ.

ಅಂಥ ಹೂವಿನ ಒಡಲಲ್ಲಿ ಜೀವಂತ ಮೀನುಗಳು ಸುಖವಾಗಿ ಓಡಾಡಿಕೊಂಡಿದ್ದವು. ಕಾಲಿಂಗ್‌ವುಡ್ ಇದರ ಬಗ್ಗೆ 1868ರಲ್ಲಿ ಒಂದು ಟಿಪ್ಪಣಿ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ಮೀನನ್ನು ‘ಪರಾವಲಂಬಿಯಂಥದ್ದು’ ಎಂದಿದ್ದಾರೆ. ಬಾಡಿಗೆ ಕೊಡದೆ ಕುಳಿತ ಬಿಡಾರದವನಂತೆ ಅವರಿಗೆ ಅದು ಕಂಡಿರಬೇಕು. ಈ ಅಪವಾದ ತೊಲಗಲು ಬಹಳ ಕಾಲ ಹಿಡಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಾಲದಲ್ಲಿ ‘ರೈಫಲ್‌ಮನ್’ ನಕ್ಷೆ ಮಾಡಿದ ದಿಬ್ಬಗಳಲ್ಲಿ ಫಯರಿ ಕ್ರಾಸ್ ಒಂದು. 1860ರಲ್ಲಿ ಅಲ್ಲಿ ಬಡಿದು ಒಡೆದ, ಚಹಾ ಸಾಗಿಸುತ್ತಿದ್ದ ಹಡಗಿನ ಹೆಸರೇ ದಿಬ್ಬಕ್ಕೆ ಬಂದಿದೆ. 2014ರಲ್ಲಿ ಚೀನಾ ಅದರ ಮೇಲೆ ಮರಳು ಸುರಿದು ಕೃತಕ ದ್ವೀಪ ಕಟ್ಟಲು ತೊಡಗಿತು. ಸುಮಾರು ಮೂರು ಕಿಲೋಮೀಟರ್ ಉದ್ದದ ಓಡುಹಾದಿ ನಿರ್ಮಿಸಿತು. 2016ರ ಜನವರಿಯಲ್ಲಿ ಅಲ್ಲಿ ವಿಮಾನಗಳು ಇಳಿದವು. ಇಂಥ ಕಾಮಗಾರಿಗಳಿಂದ ಹವಳದ ದಿಬ್ಬಗಳಿಗೆ ತೀವ್ರ ಹಾನಿಯಾಗಿದೆ ಎಂದು ಅದೇ ವರ್ಷ ಜುಲೈನಲ್ಲಿ ಹೇಗ್‌ನ ನ್ಯಾಯಮಂಡಳಿ ಹೇಳಿತು. ಚೀನಾ ಆ ತೀರ್ಪನ್ನು ಒಪ್ಪಲಿಲ್ಲ.

ಮರಳಿ ಮೀನಿನ ಕಥೆಗೆ. ಬಟೇವಿಯಾ, ಅಂದರೆ ಈಗಿನ ಜಕಾರ್ತಾದ ಕೊಲ್ಲಿಯಲ್ಲಿ ಡಚ್ ಪ್ರಾಣಿಶಾಸ್ತ್ರಜ್ಞ ಯಾನ್ ಫೆರ್ವೈ ಈ ಜೋಡಿಯನ್ನು ಕೂಲಂಕಷವಾಗಿ ಗಮನಿಸಿ 1930ರಲ್ಲಿ ದೀರ್ಘ ಪ್ರಬಂಧ ಬರೆದರು. ಕೆಂಪು ಸಮುದ್ರದ ದಂಡೆಯ ಗರ್ದಾಕಾದಲ್ಲಿ ಈಜಿಪ್ಟಿನ ಹಮೀದ್ ಗೋಹರ್ 1948ರಲ್ಲಿ ಅಲ್ಲಿನ ಎರಡು ಪಟ್ಟೆಯ ಜಾತಿಯ ಬಗ್ಗೆ ಬರೆದರು. ಮೀನು ಬರಿದೇ ಬಿಡಾರದವನಲ್ಲ ಎಂಬುದು ಆಗ ನಿಧಾನವಾಗಿ ಸ್ಪಷ್ಟವಾಗತೊಡಗಿತು. ಕಡಲಹೂವನ್ನು ಕಿತ್ತು ತಿನ್ನುವ ಚಿಟ್ಟೆಮೀನುಗಳನ್ನು ಇದು ಅಟ್ಟಿ ಓಡಿಸುತ್ತದೆ. ತನಗಿಂತ ದೊಡ್ಡದಾದ ಮುಳುಗುಗಾರನ ಕೈಯನ್ನೂ ಕಚ್ಚಲು ಬರುತ್ತದೆ. ಇದರ ಮಲಮೂತ್ರ ಕಡಲಹೂವಿಗೆ ಗೊಬ್ಬರ. ಆ ಹೂವಿನ ಅಂಗಾಂಶದೊಳಗೆ ಬಿಸಿಲು ಉಂಡು ಸಕ್ಕರೆ ತಯಾರಿಸುವ ಸೂಕ್ಷ್ಮ ಪಾಚಿಗಳಿವೆ. ಅವುಗಳಿಗೂ ಈ ಗೊಬ್ಬರ ಸಲ್ಲುತ್ತದೆ. ರಾತ್ರಿ ಎಸಳುಗಳ ನಡುವೆ ಹೊರಳಾಡುತ್ತ ಮೀನು ನೀರು ಕಲಕುವುದರಿಂದ ಹೂವಿಗೆ ಆಮ್ಲಜನಕವೂ ಹೆಚ್ಚು ಸಿಗುತ್ತದೆ.

ಕುಟುಕು ಇದಕ್ಕೇಕೆ ತಾಗದು ಎಂಬ ಪ್ರಶ್ನೆ ಮಾತ್ರ ಕಗ್ಗಂಟಾಗಿಯೇ ಉಳಿಯಿತು. ಅಮೆರಿಕದ ಡೇವನ್‌ಪೋರ್ಟ್ ಮತ್ತು ನಾರಿಸ್ 1958ರಲ್ಲಿ ರಕ್ಷಣೆ ಇರುವುದು ಮೀನಿನ ಮೈಮೇಲಿನ ಲೋಳೆಯಲ್ಲಿ ಎಂದು ತೋರಿಸಿದರು. ಕಡಲಹೂವಿನಿಂದ ಕೆಲವು ದಿನ ಬೇರೆ ಇರಿಸಿದ ಮೀನು ಮತ್ತೆ ಬಂದಾಗ ನೇರವಾಗಿ ನುಗ್ಗುವುದಿಲ್ಲ. ಮೊದಲು ಬಾಲ ತಾಗಿಸಿ ಹಿಂದೆ ಸರಿಯುತ್ತದೆ, ಆಮೇಲೆ ಹೊಟ್ಟೆ ಸವರುತ್ತದೆ. ಕುದಿವ ನೀರಿಗೆ ಬೆರಳದ್ದಿ ನೋಡುವವರ ಹಾಗೆ! ನಿಮಿಷಗಳೋ ಗಂಟೆಗಳೋ ಕಳೆದ ಮೇಲೆ ಒಳಗೆ ಹೊಕ್ಕು ಮರೆಯಾಗುತ್ತದೆ. ಇದನ್ನು ನೋಡಿದ ಕೆಲವರು ಮೀನು ಕಡಲಹೂವಿನ ಲೋಳೆಯನ್ನೇ ಮೈಗೆ ಬಳಿದುಕೊಂಡು ವೇಷ ಮರೆಸುತ್ತದೆ ಎಂದರು. ಇಲ್ಲ, ಲೋಳೆ ಮೀನಿನದೇ ಎಂದರು ಇನ್ನು ಕೆಲವರು. ವಾದ ದಶಕಗಟ್ಟಲೆ ನಡೆಯಿತು.

2025ರಲ್ಲಿ ಜಪಾನಿನ ಓಕಿನಾವಾದ ವಿಜ್ಞಾನಿಗಳಿದ್ದ ತಂಡವೊಂದು ಪ್ರಕಟಿಸಿದ ಸಂಶೋಧನೆ ಎರಡನೇ ಪಕ್ಷದ ಕಡೆ ವಾಲುತ್ತದೆ. ಸಾಮಾನ್ಯವಾಗಿ ಮೀನುಗಳ ಲೋಳೆಯಲ್ಲಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆ ಜಾತಿಯ ವಸ್ತು ಇರುತ್ತದೆ. ಕುಟುಕು ಕೋಶಗಳನ್ನು ಕೆರಳಿಸುವ ವಸ್ತುಗಳಲ್ಲಿ ಅದೂ ಒಂದು. ಕೋಡಂಗಿ ಮೀನಿನ ಲೋಳೆಯಲ್ಲಿ ಅದು ತೀರ ಕಡಿಮೆ. ಮಿದುಳು ಮೊದಲಾದ ಬೇರೆ ಅಂಗಗಳಲ್ಲಿ ಮಾತ್ರ ಎಲ್ಲ ಮೀನುಗಳಂತೆಯೇ ಇದೆ. ಮೊಟ್ಟೆಯೊಡೆದ ಹೊಸ ಮರಿಯ ಮೈಯಲ್ಲೂ ಅದು ಮಾಮೂಲಿ ಪ್ರಮಾಣದಲ್ಲೇ ಇರುತ್ತದೆ. ಆದ್ದರಿಂದ ಆ ಮರಿಯನ್ನು ಕಡಲಹೂವು ಕುಟುಕುತ್ತದೆ. ಮೈಮೇಲೆ ಬಿಳಿ ಪಟ್ಟೆ ಮೂಡುವ ಹೊತ್ತಿಗೆ ಸಿಯಾಲಿಕ್ ಆಮ್ಲ ಇಳಿದಿರುತ್ತದೆ. ಪಟ್ಟೆ ಬಂತೆಂದರೆ ಮನೆಗೆ ಪ್ರವೇಶ ಸಿಕ್ಕಿತು ಎಂದೇ ಲೆಕ್ಕ.

ಯಜಮಾನಿಯ ಮನೆ

ನೀರಿನೊಳಗೆ ಕುಳಿತು ಗಂಟೆಗಟ್ಟಲೆ ನೋಡುವ ಅನುಕೂಲ ಒದಗಿದ್ದು 1943ರಲ್ಲಿ ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ ಬೆನ್ನಿಗೆ ಕಟ್ಟುವ ಉಸಿರಾಟದ ಸಿಲಿಂಡರಿಗೆ ರೂಪ ಕೊಟ್ಟ ಮೇಲೆ. ಅದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಜರ್ಮನಿಯ ಹಾನ್ಸ್ ಫ್ರಿಕ್ಕೆ ಒಬ್ಬರು. (1987ರಲ್ಲಿ ಕೊಮೊರೊಸ್ ದ್ವೀಪಗಳ ಬಳಿ ಪುರಾತನ ಸೀಲಕ್ಯಾಂತ್ ಮೀನನ್ನು ಆಳದ ಮನೆಯಲ್ಲೇ ಜೀವಂತವಾಗಿ ಚಿತ್ರೀಕರಿಸಿದವರೂ ಇವರೇ.) ಹಾನ್ಸ್ ಮತ್ತು ಸಿಮೋನ್ ಫ್ರಿಕ್ಕೆ 1977ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೂರು ಪುಟಗಳ ಒಂದು ವರದಿ ಪ್ರಕಟಿಸಿದರು. ಕೋಡಂಗಿ ಮೀನಿನ ಕುರಿತ ತಿಳಿವಳಿಕೆ ತಲೆಕೆಳಗಾದದ್ದು ಅಲ್ಲಿಂದ.

ಒಂದು ಕಡಲಹೂವಿನಲ್ಲಿ ಹಲವು ಮೀನುಗಳಿದ್ದರೂ ಸಂತಾನ ಪಡೆಯುವುದು ಒಂದೇ ಜೋಡಿ. ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಮನೆಯ ಯಜಮಾನಿ ಅವಳೇ. ಎರಡನೆಯದು ಅವಳ ಗಂಡ. ಉಳಿದ ಸಣ್ಣವು ಗಂಡೂ ಅಲ್ಲ, ಹೆಣ್ಣೂ ಅಲ್ಲದ ಸ್ಥಿತಿಯಲ್ಲಿ ಸರದಿ ಕಾಯುತ್ತಿರುತ್ತವೆ. ಯಜಮಾನಿ ಸತ್ತರೆ ಹೊರಗಿನಿಂದ ಇನ್ನೊಂದು ಹೆಣ್ಣು ಬರುವುದಿಲ್ಲ. ಅವಳ ಗಂಡನೇ ಹೆಣ್ಣಾಗುತ್ತಾನೆ! ಸಾಲಿನಲ್ಲಿ ಮುಂದಿದ್ದ ಸಣ್ಣ ಮೀನು ಗಂಡಾಗಿ ಬೆಳೆಯುತ್ತದೆ. ಗಂಡಿನ ಜನನಗ್ರಂಥಿಯಲ್ಲಿ ಹೆಣ್ಣಿನ ಅಂಗಾಂಶವೂ ಮೊದಲಿನಿಂದಲೇ ಸುಪ್ತವಾಗಿರುತ್ತದೆ. ಯಜಮಾನಿ ಬದುಕಿರುವವರೆಗೆ ಗದರಿ, ಅಟ್ಟಿ, ಅದನ್ನು ಅದುಮಿ ಇಟ್ಟಿರುತ್ತಾಳೆ. ಜಪಾನಿನ ತೀರದಲ್ಲಿ ಕೆಲಸ ಮಾಡಿದ ಮೋಯರ್ ಮತ್ತು ನಕಾಜೋನೊ ಮರುವರ್ಷವೇ ಬೇರೆ ಜಾತಿಗಳಲ್ಲೂ ಇದನ್ನು ಕಂಡರು. 2019ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇನ್ನೂ ವಿಚಿತ್ರವಾದದ್ದನ್ನು ಹೇಳಿದರು: ಹೀಗೆ ಬದಲಾಗುವಾಗ ಮೊದಲು ಹೆಣ್ಣಾಗುವುದು ಮಿದುಳು. ಜನನಗ್ರಂಥಿ ಹಿಂಬಾಲಿಸುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ.

ಹೆಣ್ಣು ಗಂಡಾಗುವ ಮೀನುಗಳು ಹವಳದ ದಿಬ್ಬದಲ್ಲಿ ಹಲವಿವೆ. ಕೋಡಂಗಿ ಮೀನಿನದು ಉಲ್ಟಾ ವ್ಯವಹಾರ. ಇದಕ್ಕೂ ಮನೆಯೇ ಕಾರಣ. ಕಡಲಹೂವನ್ನು ಬಿಟ್ಟು ನಾಲ್ಕು ಮಾರು ಆಚೆ ಹೋದರೆ ಈ ನಿಧಾನ ಈಜುಗಾರನನ್ನು ದೊಡ್ಡ ಮೀನು ನುಂಗಿಬಿಡುತ್ತದೆ. ಜೋಡಿ ಹುಡುಕಿಕೊಂಡು ಅಲೆಯುವಂತಿಲ್ಲ. ಮನೆಯಲ್ಲಿ ಯಾರು ಇದ್ದಾರೋ ಅವರಲ್ಲೇ ಸಂಸಾರ ಹೂಡಬೇಕು. ದೊಡ್ಡ ಮೈಯ ಹೆಣ್ಣು ಹೆಚ್ಚು ಮೊಟ್ಟೆ ಇಡಬಲ್ಲದು. ಆದ್ದರಿಂದ ಹಿರಿಯ ಸ್ಥಾನ ಹೆಣ್ಣಿನದೇ ಆಗುವುದು ಇಬ್ಬರಿಗೂ ಲಾಭ.

ಸರದಿ ಕಾಯುವವರ ಪಾಡು ಏನು? ಪಪುವಾ ನ್ಯೂಗಿನಿಯ ಮದಾಂಗ್ ಬಳಿ ಪೀಟರ್ ಬಸ್ಟನ್ ಇದನ್ನೇ ಅಳೆದರು. ಕೆಳಗಿನ ಮೀನು ತನ್ನ ಮೇಲಿನದಕ್ಕಿಂತ ಯಾವಾಗಲೂ ಒಂದು ಪ್ರಮಾಣದಷ್ಟು ಸಣ್ಣದಾಗಿಯೇ ಉಳಿಯುವಂತೆ ತನ್ನ ಬೆಳವಣಿಗೆಯನ್ನು ತಾನೇ ತಡೆದುಕೊಳ್ಳುತ್ತದೆ. ಬೆಳೆದು ಸರಿಸಮನಾದರೆ ಮೇಲಿನದು ಹೊಡೆದು ಮನೆಯಿಂದ ಹೊರಹಾಕುತ್ತದೆ. ಹೊರಗೆ ಬಿದ್ದರೆ ಸಾವು. ಅದಕ್ಕಿಂತ ಕುಳ್ಳಗಿದ್ದು ಕಾಯುವುದು ಮೇಲು. ಸರ್ಕಾರಿ ಕಚೇರಿಯ ಸೀನಿಯಾರಿಟಿ ಪಟ್ಟಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯುವಿಕೆ ಚಿಕ್ಕದೂ ಅಲ್ಲ. ಅಲ್ಲಿನ ಯಜಮಾನಿ ಮೀನು 30 ವರ್ಷದವರೆಗೆ ಬದುಕಬಲ್ಲದು ಎಂದು ಬಸ್ಟನ್ ಮತ್ತು ಸಂಗಡಿಗರು 2007ರಲ್ಲಿ ಅಂದಾಜು ಮಾಡಿದರು. ಇಷ್ಟು ಗಾತ್ರದ ಮೀನಿಗೆ ಇದು ಅಸಾಧಾರಣ ಆಯುಷ್ಯ.

ಬೆಳವಣಿಗೆ ತಡೆಯುವ ಈ ವಿಷಯ ‘ನೇಚರ್’ನಲ್ಲಿ ಬಂದದ್ದು 2003ರ ಜುಲೈಯಲ್ಲಿ. ಅಮೆರಿಕದ ಚಿತ್ರಮಂದಿರಗಳಲ್ಲಿ ‘ನೀಮೊ’ ಬಿಡುಗಡೆಯಾಗಿ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಚಿತ್ರದಲ್ಲಿ ತಾಯಿ ಸತ್ತ ಮೇಲೆ ತಂದೆಯೇ ಮಗನನ್ನು ಸಾಕುತ್ತಾನೆ, ಕಳೆದುಹೋದವನನ್ನು ಸಾಗರವೆಲ್ಲ ಹುಡುಕುತ್ತಾನೆ. ಪ್ರಕೃತಿಯ ಪ್ರಕಾರ ಆ ತಂದೆ ತಾಯಿಯಾಗಿಬಿಡಬೇಕಿತ್ತು! ಮಕ್ಕಳ ಚಿತ್ರಕ್ಕೆ ಅಷ್ಟು ಸಂಸಾರ ಬೇಡವೆನಿಸಿದ್ದು ಸಹಜ. ಅಂದಹಾಗೆ, ತಂದೆಯ ಶ್ರದ್ಧೆಯಲ್ಲಿ ಸುಳ್ಳಿಲ್ಲ. ಕಡಲಹೂವಿನ ಬುಡದ ಕಲ್ಲಿಗೆ ಅಂಟಿಸಿದ ನೂರಾರು ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಬೀಸಿ, ಕೆಟ್ಟದ್ದನ್ನು ಬಾಯಿಂದ ಹೆಕ್ಕಿ ತೆಗೆದು ಕಾಪಾಡುವವನು ಹೆಚ್ಚಾಗಿ ಅವನೇ. ವಾರದ ಆಸುಪಾಸಿನಲ್ಲಿ, ಸೂರ್ಯ ಮುಳುಗಿದ ಮೇಲೆ, ಮೊಟ್ಟೆ ಒಡೆಯುತ್ತದೆ. ಮರಿಗಳು ಆ ಕತ್ತಲಲ್ಲೇ ಹೊರಸಮುದ್ರಕ್ಕೆ ತೇಲಿ ಹೋಗುತ್ತವೆ. ಅಲ್ಲಿಗೆ ತಂದೆ ಮಕ್ಕಳ ಸಂಬಂಧ ಮುಗಿಯಿತು.

ಹತ್ತು ಹನ್ನೆರಡು ದಿನ ಅಲೆದ ಮರಿ ಎಲ್ಲಿಗೆ ಬಂದು ಸೇರುತ್ತದೆ? ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ಸಂಶೋಧಕರು ಮೊಟ್ಟೆಗಳಿಗೆ ಟೆಟ್ರಾಸೈಕ್ಲಿನ್ ಔಷಧದ ದ್ರಾವಣ ತಾಗಿಸಿ, ಮರಿಗಳ ಕಿವಿಯ ಎಲುಬಿನಲ್ಲಿ ಗುರುತು ಮೂಡುವಂತೆ ಮಾಡಿದರು. ಡಿಎನ್ಎ ಪರೀಕ್ಷೆಯಿಂದ ತಂದೆ ತಾಯಿಯನ್ನೂ ಹುಡುಕಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೆಲೆಸಲು ಬಂದ ಮರಿಗಳಲ್ಲಿ ಮೂರನೇ ಒಂದರವರೆಗೆ ಅದೇ ದಿಬ್ಬದಲ್ಲಿ ಹುಟ್ಟಿದವು, ಎಷ್ಟೋ ಮರಿಗಳು ಹುಟ್ಟಿದ ಜಾಗದಿಂದ ನೂರು ಮೀಟರ್ ಒಳಗೇ ಮನೆ ಹಿಡಿದಿದ್ದವು. ಸಾಗರ ಸುತ್ತಿ ತವರಿಗೇ ಬರುವ ಈ ಗುಣದಿಂದಾಗಿ ಒಂದು ದಿಬ್ಬ ಬರಿದಾದರೆ ಬೇರೆ ಕಡೆಯ ಮರಿಗಳು ಬಂದು ತುಂಬುತ್ತವೆ ಎಂದು ನೆಚ್ಚಿ ಕೂರುವಂತಿಲ್ಲ.

ಚಿತ್ರ ಬಂದ ಮೇಲೆ ಎಲ್ಲರೂ ಈ ಮೀನನ್ನು ಗಾಜಿನ ತೊಟ್ಟಿಗೆ ತಂದುಕೊಂಡು ದಿಬ್ಬಗಳನ್ನೇ ಬರಿದು ಮಾಡಿದರು ಎಂಬ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. 2017ರಲ್ಲಿ ಇದನ್ನು ಪರಿಶೀಲಿಸಿದ ಇಬ್ಬರು ಸಂಶೋಧಕರಿಗೆ ಅದಕ್ಕೆ ತಕ್ಕ ಆಧಾರ ಸಿಗಲಿಲ್ಲ. ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ತೊಟ್ಟಿಯಲ್ಲೇ ಮರಿ ಮಾಡಿಸಲು ಮೊದಲು ಒಗ್ಗಿದವುಗಳಲ್ಲಿ ಇದೂ ಒಂದು. ಅಮೆರಿಕದಲ್ಲಿ ಆ ಕೆಲಸ 1970ರ ದಶಕದಲ್ಲೇ ಶುರುವಾಗಿತ್ತು. ಲಕ್ಷದ್ವೀಪ, ಅಂಡಮಾನ್ ಮತ್ತು ಮನ್ನಾರ್ ಕೊಲ್ಲಿಯಲ್ಲಿ ಈ ಬಳಗದ ಮೀನುಗಳಿರುವ ನಮ್ಮ ದೇಶದಲ್ಲಿಯೂ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮರಿ ಮಾಡಿಸುವ ವಿಧಾನ ರೂಪಿಸಿದೆ. ಮೀನನ್ನು ಹೀಗೆ ತೊಟ್ಟಿಯಲ್ಲಿ ಬೆಳೆಸಬಹುದು. ಆದರೆ ಸಮುದ್ರದಲ್ಲಿ ಅದಕ್ಕೆ ಬೇಕಾದದ್ದು ಕಡಲಹೂವು. ಸುಮಾರು 28 ಜಾತಿಯ ಕೋಡಂಗಿ ಮೀನುಗಳಿಗೆ ಮನೆ ಕೊಡುವ ಕಡಲಹೂವಿನ ಜಾತಿಗಳು ಹತ್ತೇ.

ನೀರು ಬಿಸಿಯಾದಾಗ ಈ ಹೂವುಗಳು ಹವಳದಂತೆಯೇ ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾಗುತ್ತವೆ. 2016ರ ಎಲ್ ನಿನೊ ಕಾಲದಲ್ಲಿ ಶಾಂತಸಾಗರದ ಮೊರೆಯಾ ದ್ವೀಪದಲ್ಲಿ 13 ಜೋಡಿಗಳನ್ನು ಫ್ರೆಂಚ್ ಸಂಶೋಧಕರು ಗಮನಿಸುತ್ತಿದ್ದರು. ಸುಮಾರು ಅರ್ಧದಷ್ಟು ಮನೆಗಳು ಬೆಳ್ಳಗಾದವು. ಆ ಮನೆಗಳ ಮೀನುಗಳು ಸಾಯಲಿಲ್ಲ, ಓಡಿಹೋಗಲಿಲ್ಲ, ಹೋಗುವುದಾದರೂ ಎಲ್ಲಿಗೆ? ಆದರೆ ಅವುಗಳ ಸಂತಾನಶಕ್ತಿ ಶೇ 73ರಷ್ಟು ಕುಸಿಯಿತು. ರಕ್ತದಲ್ಲಿ ಒತ್ತಡದ ಹಾರ್ಮೋನು ಏರಿತ್ತು.

2023ರಲ್ಲಿ ಕಿಂಬೆ ಕೊಲ್ಲಿಗೂ ಬಿಸಿ ಅಲೆ ಬಂತು. ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ತಂಡ ಅಲ್ಲಿ ಐದು ತಿಂಗಳ ಕಾಲ, ಪ್ರತಿ ತಿಂಗಳೂ, 134 ಮೀನುಗಳನ್ನು ಹಿಡಿದು ಅಳೆದು ಬಿಡುತ್ತಿತ್ತು. ಅವುಗಳಲ್ಲಿ 101 ಮೀನುಗಳು ಒಮ್ಮೆಯಾದರೂ ಗಿಡ್ಡವಾಗಿದ್ದವು. ತೆಳ್ಳಗಾಗುವುದಲ್ಲ, ಮೂತಿಯಿಂದ ಬಾಲದವರೆಗಿನ ಉದ್ದವೇ ಕುಗ್ಗುವುದು. ಸಣ್ಣ ಮೈಗೆ ಕಡಿಮೆ ಆಹಾರ ಸಾಕು, ಆಮ್ಲಜನಕವೂ ಕಡಿಮೆ ಸಾಕು. ಒಮ್ಮೆಯಾದರೂ ಕುಗ್ಗಿದವುಗಳ ಬದುಕುಳಿಯುವ ಸಾಧ್ಯತೆ ಶೇ 78ರವರೆಗೆ ಹೆಚ್ಚಿತ್ತು ಎಂದು 2025ರ ಮೇ ತಿಂಗಳಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಗಂಡ ಹೆಂಡತಿ ಇಬ್ಬರೂ ಜತೆಯಾಗಿ ಕುಗ್ಗಿದ ಮನೆಗಳಲ್ಲಿ ಬದುಕುಳಿದವರು ಇನ್ನೂ ಹೆಚ್ಚು. ಒಬ್ಬರೇ ಕುಗ್ಗಿದರೆ ಹಿರಿತನದ ಅಳತೆ ತಪ್ಪುತ್ತದೆ, ಜಗಳ ಶುರುವಾಗುತ್ತದೆ.